ಫೋಟೋನ ಹಳೇ ಕಲ್ಲಚ್ಚಿನ ಪ್ರಿಂಟ್ ಥರ ಮಾಡೋದು ಹೇಗೆ: ಗಿಂಪ್‌ನಲ್ಲಿ ಪೂರ್ತಿ ವಿಧಾನ

ಹಳೇ ಪ್ರಿಂಟ್ ಲುಕ್ ಬೇಕು ಅಂದ ತಕ್ಷಣ ಬಹಳ ಜನ ಸೀಪಿಯಾ ಫಿಲ್ಟರ್ ಒತ್ತಿ, ಅದ್ರ ಮೇಲೆ ಸುಕ್ಕುಗಟ್ಟಿದ ಪೇಪರ್‌ದೊಂದು ಟೆಕ್ಸ್ಚರ್ ಹಾಕಿ ಮುಗಿಸ್ತಾರೆ. ಆದ್ರೆ ಅದು ನೋಡಿದ್ರೆ ಫೋನ್‌ನಲ್ಲಿ ತೆಗೆದ ಫೋಟೋಗೆ ಕಂದು ಬಣ್ಣ ಬಳಿದ ಹಾಗೇ ಕಾಣತ್ತೆ, ಅಚ್ಚಾದ ಚಿತ್ರ ಅಂತ ಅನ್ಸೋದೇ ಇಲ್ಲ. ಕಾರಣ ಏನಂದ್ರೆ ಹಳೇ ಪ್ರಿಂಟ್‌ಗಳ ಅಂದ ಬರೋದು ಹಳೇದಾಗಿರೋದ್ರಿಂದಲ್ಲ, ಅದನ್ನ ಅಚ್ಚು ಹಾಕಿದ ರೀತಿಯಿಂದ. ನಾಲ್ಕಾರು ಇಂಕು, ಒಂದೊಂದು ಇಂಕಿಗೆ ಒಂದೊಂದು ಅಚ್ಚು, ಒಂದರ ಮೇಲೊಂದು ಬೇರೆ ಬೇರೆ ಸಲ ಒತ್ತಿದ್ದು, ಒತ್ತುವಾಗ ಕೂದಲೆಳೆಯಷ್ಟು ಆಚೀಚೆ ಆಗಿದ್ದು, ಕೆಳಗಿರೋ ಕಾಗದ ಪೂರ್ತಿ ಬಿಳಿ ಅಲ್ಲದೇ ಇದ್ದಿದ್ದು, ಇಷ್ಟೂ ಸೇರಿದ್ರೆ ಆ ಬಣ್ಣ ಬರತ್ತೆ. ಹಾಗಾಗಿ ನಾನು ಇಲ್ಲಿ ಹೇಳೋ ವಿಧಾನದಲ್ಲಿ ರೆಡಿಮೇಡ್ ಫಿಲ್ಟರ್ ಇಲ್ಲ. ಪ್ರೆಸ್‌ನವರು ಏನು ಮಾಡ್ತಿದ್ರೋ ಅದನ್ನೇ ಕಂಪ್ಯೂಟರ್‌ನಲ್ಲಿ ಅದೇ ಕ್ರಮದಲ್ಲಿ ಮಾಡೋದು. ಸ್ವಲ್ಪ ಹೊತ್ತು ಹಿಡಿಯತ್ತೆ, ಆದ್ರೆ ಫಲಿತಾಂಶ ನೋಡಿದ್ಮೇಲೆ ಮತ್ತೆ ಒಂದೇ ಬಟನ್ ಒತ್ತೋ ದಾರಿಗೆ ನೀವು ಹೋಗಲ್ಲ.

ಸಾಫ್ಟ್‌ವೇರ್ ಗಿಂಪ್, ಫೋಟೋ ಎಡಿಟ್ ಮಾಡೋ ಪ್ರೋಗ್ರಾಂ. ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯತ್ತೆ. 2.10 ಇದ್ರೂ ಸಾಕು, 2025ರಲ್ಲಿ ಬಂದ 3.0 ಇದ್ರೂ ಸರಿ, ಮೆನು ಒಂದೆರಡು ಕಡೆ ಆಚೀಚೆ ಇರಬಹುದು ಅಷ್ಟೇ. ಫೋಟೋಶಾಪ್ ಇರೋರಿಗೆ ಕೊನೇಲಿ ಬೇರೆ ಹೇಳಿದ್ದೀನಿ.

ಮೊದ್ಲು ಕಲ್ಲಚ್ಚು ಅಂದ್ರೆ ಏನು ಅಂತ ತಿಳ್ಕೊಳ್ಳೋಣ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಯಾಕಂದ್ರೆ ಮುಂದಿನ ಪ್ರತಿ ಸ್ಟೆಪ್‌ಗೂ ಕಾರಣ ಇಲ್ಲೇ ಇರೋದು. 1796ರಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿದ್ಯೆ ಇದು, ಲಿಥೋಗ್ರಫಿ. ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನ್‌ನಲ್ಲಿ ಚಿತ್ರ ಬರೀತಾರೆ, ಕಲ್ಲನ್ನ ಒದ್ದೆ ಮಾಡ್ತಾರೆ, ಜಿಡ್ಡಿರೋ ಕಡೆ ನೀರು ನಿಲ್ಲಲ್ಲ, ಆಮೇಲೆ ಎಣ್ಣೆ ಇಂಕಿನ ರೋಲರ್ ಹೊಡೆದ್ರೆ ಜಿಡ್ಡಿರೋ ಕಡೆ ಮಾತ್ರ ಇಂಕು ಹಿಡಿಯತ್ತೆ, ಅದರ ಮೇಲೆ ಕಾಗದ ಇಟ್ಟು ಒತ್ತೋದು. ನಮ್ಮ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಲ್ಲಿ ಶುರು ಮಾಡಿದ್ದು, ಅದು ಅಚ್ಚಾಗಿದ್ದು ಇದೇ ಕಲ್ಲಚ್ಚಿನಲ್ಲಿ.

ಬಣ್ಣದ ಚಿತ್ರ ಬೇಕಿದ್ರೆ ಬಣ್ಣಕ್ಕೊಂದು ಕಲ್ಲು ಬೇಕು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಪ್ರೆಸ್ ಆಮೇಲೆ ಲೋನಾವಳದ ಹತ್ರ ಮಳವಲಿಗೆ ಹೋಯ್ತು, ಅಲ್ಲಿಂದ ಬಂದ ಲಕ್ಷ್ಮಿ, ಸರಸ್ವತಿ ಚಿತ್ರಗಳು ನಮ್ಮ ಎಷ್ಟೋ ಮನೆಗಳ ದೇವರ ಕೋಣೆಗೆ ಸೇರ್ಕೊಂಡ್ವು. ನಿಮ್ಮ ಮನೇಲೋ ನೆಂಟರ ಮನೇಲೋ ಹಳೇ ಫ್ರೇಮಿನಲ್ಲಿ ಆ ಥರ ಒಂದು ಚಿತ್ರ ಇದ್ರೆ ಭೂತಗನ್ನಡಿ ಹಿಡಿದು ನೋಡಿ. ಕೆನ್ನೆ ಮೇಲೆ ಕಾಣೋ ನಸುಗೆಂಪು ಒಂದು ಬಣ್ಣವೇ ಅಲ್ಲ, ಹಳದಿ ಮೇಲೆ ಕೆಂಪಿನ ಸಣ್ಣ ಸಣ್ಣ ಚುಕ್ಕೆ, ಅದೂ ಸಾಲಾಗಿಲ್ಲ, ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ. ಕುಶಲಕರ್ಮಿಗಳು ಆ ಚುಕ್ಕೆಗಳನ್ನ ಕಲ್ಲಿನ ಮೇಲೆ ಕೈಯಲ್ಲೇ ಇಡ್ತಿದ್ರು. ಅದೇ ಹಳೇ ನ್ಯೂಸ್‌ಪೇಪರ್ ಫೋಟೋ ನೋಡಿದ್ರೆ ಚುಕ್ಕೆ ಸೈನಿಕರ ಥರ ಸಾಲು ಹಿಡಿದು ನಿಂತಿರತ್ತೆ, ಅದು ಹಾಫ್‌ಟೋನ್, ಕ್ಯಾಮೆರಾ ಮತ್ತೆ ಗೆರೆ ಹಾಕಿದ ಗಾಜಿನ ಸ್ಕ್ರೀನಿಂದ ಮಾಡಿದ್ದು, 1880ರ ದಶಕದಿಂದ ಈಚೆಗೆ ಬಳಕೆಗೆ ಬಂದಿದ್ದು. ಈ ಎರಡನ್ನ ಕಲಸಿಬಿಟ್ರೆ ಚಿತ್ರ ಯಾವ ಕಾಲದ್ದೂ ಆಗಲ್ಲ. ಈ ಬರಹದಲ್ಲಿ ಮುಖ್ಯವಾಗಿ ಅಡ್ಡಾದಿಡ್ಡಿ ಚುಕ್ಕೆಯ ಕಲ್ಲಚ್ಚು, ಆಮೇಲೆ ಹಾಫ್‌ಟೋನ್‌ಗೆ ಏನು ಬದಲಾಯಿಸ್ಬೇಕು ಅನ್ನೋದು.

ಫೋಟೋ ಆರಿಸೋದು

ಉದಾಹರಣೆಗೆ ಜಗುಲಿ ಮೇಲೆ ಕೂತ ಅಜ್ಜಿಯ ಫೋಟೋ ಇದೆ ಅಂದ್ಕೊಳ್ಳಿ, ಹಸಿರು ಸೀರೆ, ಕೆಂಪು ಅಂಚು, ಪಕ್ಕದಲ್ಲಿ ಹಿತ್ತಾಳೆ ತಂಬಿಗೆ. ಇದು ಬಹಳ ಒಳ್ಳೇ ಫೋಟೋ, ಯಾಕಂದ್ರೆ ದೊಡ್ಡ ದೊಡ್ಡ ಬಣ್ಣದ ಜಾಗ ಇದೆ, ಬೆಳಕು ಒಂದೇ ಕಡೆಯಿಂದ ಬಿದ್ದಿದೆ, ಮುಖದಲ್ಲಿ ಬೆಳಕು ನೆರಳು ಎರಡೂ ಇದೆ. ನಡು ಮಧ್ಯಾಹ್ನದ ಬಿಸಿಲಲ್ಲಿ ತೆಗೆದಿದ್ದು, ಫ್ಲಾಶ್ ಹೊಡೆದಿದ್ದು, ಹಿಂದೆ ಮೂವತ್ತು ಜನ ಇರೋ ಮದುವೆ ಫೋಟೋ, ಇವು ಕಷ್ಟ. ಕಲ್ಲಚ್ಚು ಸಣ್ಣ ವಿವರ ಹಿಡಿಯಲ್ಲ, ಆಕಾರ ಹಿಡಿಯತ್ತೆ. ಫೋಟೋನ ಅಂಗೈಯಷ್ಟು ಚಿಕ್ಕದು ಮಾಡಿ ಕಣ್ಣು ಕಿರಿದು ಮಾಡಿ ನೋಡಿ, ಆಗಲೂ ಯಾರು ಏನು ಅಂತ ಗೊತ್ತಾದ್ರೆ ಆ ಫೋಟೋ ಆಗತ್ತೆ. ಮತ್ತೆ ವಾಟ್ಸಾಪ್‌ನಲ್ಲಿ ಬಂದಿದ್ದು ಬೇಡ, ಫೋನ್‌ನಿಂದ ಒರಿಜಿನಲ್ ಫೈಲೇ ತಗೊಳ್ಳಿ.

ಸೈಜು ಮತ್ತೆ ತಯಾರಿ

ಚುಕ್ಕೆ ಆಟ ಆಡೋದ್ರಿಂದ ರೆಸಲ್ಯೂಶನ್ ಜಾಸ್ತಿ ಬೇಕು. ಎ5 ಸೈಜಿಗೆ, ಅಂದ್ರೆ 148 × 210 ಮಿಲಿಮೀಟರಿಗೆ, 600 ಪಿಪಿಐ (ಇಂಚಿಗೆ 600 ಪಿಕ್ಸೆಲ್) ಇಟ್ಕೊಂಡ್ರೆ ಸುಮಾರು 3496 × 4961 ಪಿಕ್ಸೆಲ್ ಆಗತ್ತೆ. ಫೋನಿನ 12 ಮೆಗಾಪಿಕ್ಸೆಲ್ ಫೋಟೋ 3000 × 4000 ಇರತ್ತೆ, ಅದನ್ನ ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಲ್ಲಿ ಹಿಗ್ಗಿಸಿದ್ರೆ ಏನೂ ತೊಂದ್ರೆ ಇಲ್ಲ, ಮಸುಕಾಗಿದ್ದನ್ನ ಚುಕ್ಕೆ ಮುಚ್ಚಿಬಿಡತ್ತೆ. ಎ4ಗೆ 600 ಬೇಕಂದ್ರೆ 4960 × 7016, ಕಂಪ್ಯೂಟರ್‌ನಲ್ಲಿ 8 ಜಿಬಿ ರ‍್ಯಾಮ್ ಇದ್ರೆ ಪ್ರತಿ ಫಿಲ್ಟರಿಗೂ ಕಾಯ್ಬೇಕಾಗತ್ತೆ, ಶುರುವಿಗೆ ಎ5 ಸಾಕು.

ಈಗ ಫೋಟೋನ ಸರಳ ಮಾಡ್ಬೇಕು. ಲೇಯರ್‌ನ ಡೂಪ್ಲಿಕೇಟ್ ಮಾಡಿ (ಲೇಯರ್ ಅಂದ್ರೆ ಒಂದರ ಮೇಲೊಂದು ಇಡೋ ಹಾಳೆ ಥರ), ಆ ನಕಲಿಗೆ ಫಿಲ್ಟರ್ಸ್, ಬ್ಲರ್, ಮೀಡಿಯನ್ ಬ್ಲರ್, ರೇಡಿಯಸ್ 4ರಿಂದ 6. ಚರ್ಮದ ರಂಧ್ರ, ಸೀರೆಯ ನೂಲು, ಫೋನ್ ಕ್ಯಾಮೆರಾ ತಾನೇ ಹೊಡೆದ ಶಾರ್ಪ್‌ನೆಸ್ ಎಲ್ಲ ಹೋಗಿ ಬಣ್ಣಗಳು ಸಣ್ಣ ಸಣ್ಣ ಮಡಿಯಾಗಿ ನಿಲ್ಲತ್ತೆ. ಆದ್ರೆ ಕಣ್ಣೂ ಮಸುಕಾಗಿರತ್ತೆ, ಅದಕ್ಕೆ ಆ ಲೇಯರಿಗೆ ಬಿಳಿ ಮಾಸ್ಕ್ (ಕಪ್ಪು ಬಳಿದ ಕಡೆ ಲೇಯರನ್ನ ಮರೆ ಮಾಡೋದು) ಹಾಕಿ ಕಣ್ಣು, ಮೂಗುತಿ, ತುಟಿ, ಕುಂಕುಮದ ಜಾಗದಲ್ಲಿ ಮೆತ್ತನೆ ಕಪ್ಪು ಬ್ರಷ್ ಆಡ್ಸಿ, ಕೆಳಗಿನ ಒರಿಜಿನಲ್ ಕಾಣತ್ತೆ. ಕಲ್ಲಿನ ಮೇಲೆ ಬರೀತಿದ್ದವರೂ ಹೀಗೇ, ಮುಖಕ್ಕೆ ಇಡೋ ಗಮನ ಹಿಂದಿನ ಮರಕ್ಕೆ ಇಡ್ತಿರ್ಲಿಲ್ಲ.

ಹಿನ್ನೆಲೆ ಬಗ್ಗೆ ಧೈರ್ಯ ಮಾಡಿ. ಸ್ವಿಚ್ ಬೋರ್ಡು, ಪ್ಲಾಸ್ಟಿಕ್ ಬಕೆಟ್ಟು, ಗೋಡೆ ಮೇಲಿನ ವೈರು ಇದ್ರೆ ಅಳಿಸಿಬಿಡಿ, ಕ್ಲೋನ್ ಟೂಲ್ ಇದ್ಯಲ್ಲ, ಅಥವಾ ಇಡೀ ಗೋಡೆಯನ್ನ ಮೇಲಿಂದ ಕೆಳಗೆ ತಿಳಿ ನೀಲಿಯಿಂದ ತಿಳಿ ಹಳದಿಗೆ ಹೋಗೋ ಗ್ರೇಡಿಯಂಟ್ ಮಾಡಿ. ಹಳೇ ಚಿತ್ರಗಳ ಆಕಾಶ ನೋಡಿದ್ದೀರಲ್ಲ, ಹಾಗೆ.

ಆಮೇಲೆ ಕಲರ್ಸ್ ಮೆನುವಿನ ಕರ್ವ್ಸ್‌ನಲ್ಲಿ ನೆರಳನ್ನ ಸ್ವಲ್ಪ ಮೇಲೆತ್ತಿ, ಸ್ಯಾಚುರೇಶನ್ ಕಾಲು ಭಾಗ ಜಾಸ್ತಿ ಮಾಡಿ. ಈಗ ನೋಡೋಕೆ ಅತಿ ಅನ್ಸತ್ತೆ, ಪರವಾಗಿಲ್ಲ, ನಾವು ಬಳಸೋ ಇಂಕು ಮಂದ ಇರೋದ್ರಿಂದ ಕೊನೆಗೆ ಸರಿಯಾಗತ್ತೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ ಆದ್ರೆ ಹಸಿರು ಛಾಯೆ ಇಲ್ಲೇ ತೆಗೀಬೇಕು, ಇಲ್ಲಾಂದ್ರೆ ಮುಖದ ಮೇಲೆ ನೀಲಿ ಚುಕ್ಕೆ ಕೂತು ಮನುಷ್ಯರು ಕಾಯಿಲೆ ಬಿದ್ದ ಹಾಗೆ ಕಾಣ್ತಾರೆ.

ಕೊನೇದಾಗಿ ಲೇಯರ್ ಎಲ್ಲ ಸೇರಿಸಿ ಫ್ಲಾಟನ್ ಮಾಡಿ, ಇಮೇಜ್ ಮೆನುವಿನ ಕ್ಯಾನ್ವಾಸ್ ಸೈಜ್‌ನಲ್ಲಿ ನಾಲ್ಕೂ ಕಡೆ 10 ಮಿಲಿಮೀಟರ್, ಅಂದ್ರೆ 236 ಪಿಕ್ಸೆಲ್, ಜಾಗ ಬಿಡಿ, ಅದು ಬಿಳಿ ಆಗಿರ್ಲಿ. ಬಿಳಿ ಅಂದ್ರೆ ಇಂಕು ಬೀಳದ ಜಾಗ. ಈ ಅಂಚು ಯಾಕೆ ಅಷ್ಟು ಮುಖ್ಯ ಅಂತ ಮುಂದೆ ಗೊತ್ತಾಗತ್ತೆ.

ಅಚ್ಚುಗಳನ್ನ ಬೇರೆ ಮಾಡೋದು

ಇಡೀ ಕೆಲಸದ ಜೀವ ಇದು. ಕಲರ್ಸ್, ಕಾಂಪೊನೆಂಟ್ಸ್, ಡಿಕಂಪೋಸ್. ಕಲರ್ ಮಾಡೆಲ್‌ನಲ್ಲಿ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕು) ಆರಿಸಿ, ಡಿಕಂಪೋಸ್ ಟು ಲೇಯರ್ಸ್ ಟಿಕ್ ಮಾಡಿ ಓಕೆ ಕೊಡಿ. ಹೊಸ ಫೈಲೊಂದು ತೆರ್ಕೊಳ್ಳತ್ತೆ, ಅದರಲ್ಲಿ ಮೂರು ಕಪ್ಪು ಬಿಳುಪು ಲೇಯರ್, ಬೆಳಕಿನ ಬಣ್ಣಕ್ಕೊಂದು, ಒಂದೊಂದಕ್ಕೂ ಚಾನೆಲ್ ಅಂತಾರೆ.

ಸಿಎಂವೈಕೆ, ಅಂದ್ರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಇಂಕುಗಳ ಮಾಡೆಲ್, ಯಾಕೆ ಬೇಡ ಅಂತ ಕೇಳ್ಬಹುದು. ಅದರಲ್ಲಿ ಕಪ್ಪಿನ ಲೇಯರಿಗೆ ಎಷ್ಟು ಹೋಗ್ಬೇಕು ಅಂತ ಸಾಫ್ಟ್‌ವೇರೇ ತೀರ್ಮಾನ ಮಾಡಿಬಿಡತ್ತೆ, ನಮಗೆ ಅದು ನಮ್ಮ ಕೈಯಲ್ಲಿರ್ಬೇಕು. ಮತ್ತೆ ಆರ್‌ಜಿಬಿ ಲೇಯರ್‌ಗಳೇ ಅಚ್ಚಿನ ಹಾಗೆ ಕೆಲಸ ಮಾಡತ್ತೆ, ಹೇಗಂದ್ರೆ ಕೆಂಪು ಚಾನೆಲ್‌ನಲ್ಲಿ ಎಲ್ಲಿ ಕಪ್ಪಾಗಿದ್ಯೋ ಅಲ್ಲಿ ಕೆಂಪು ಬೆಳಕು ಇಲ್ಲ ಅಂತ, ಕೆಂಪು ಬೆಳಕನ್ನ ತಡೆಯೋ ಇಂಕು ನೀಲಿ, ಹಾಗಾಗಿ ಕೆಂಪು ಚಾನೆಲ್ ಅಂದ್ರೆ ನೀಲಿ ಇಂಕಿನ ಅಚ್ಚು. ಹಾಗೇ ಹಸಿರು ಚಾನೆಲ್ ಕೆಂಪು ಇಂಕಿನ ಅಚ್ಚು, ನೀಲಿ ಚಾನೆಲ್ ಹಳದಿ ಇಂಕಿನ ಅಚ್ಚು. ಕ್ಯಾಮೆರಾ ಬಂದ್ಮೇಲೆ ಮೂರು ಬಣ್ಣದ ಮುದ್ರಣ ಮಾಡೋರೂ ಲೆನ್ಸ್ ಮುಂದೆ ಮೂರು ಬಣ್ಣದ ಗಾಜು ಹಿಡಿದು ಇದನ್ನೇ ಮಾಡ್ತಿದ್ದದ್ದು. ಲೇಯರ್ ಹೆಸರುಗಳನ್ನ ಈಗಲೇ ಬದಲಾಯಿಸಿ, ನೀಲಿ ಅಚ್ಚು, ಕೆಂಪು ಅಚ್ಚು, ಹಳದಿ ಅಚ್ಚು ಅಂತ, ಇಲ್ಲಾಂದ್ರೆ ಮುಂದೆ ಗೊಂದಲ ಗ್ಯಾರಂಟಿ. ಅಜ್ಜಿಯ ಫೋಟೋದಲ್ಲಿ ನೋಡಿ, ಹಸಿರು ಸೀರೆ ನೀಲಿ ಅಚ್ಚಿನಲ್ಲೂ ಹಳದಿ ಅಚ್ಚಿನಲ್ಲೂ ಗಾಢವಾಗಿರತ್ತೆ, ಕುಂಕುಮ ನೀಲಿ ಅಚ್ಚಿನಲ್ಲಿ ಕಾಣೋದೇ ಇಲ್ಲ ಅನ್ನೋಷ್ಟು ತೆಳು.

ನಾಲ್ಕನೇದು ಕಪ್ಪು ಅಚ್ಚು. ಒರಿಜಿನಲ್ ಫೈಲಿಗೆ ಹೋಗಿ ಚಿತ್ರ ಕಾಪಿ ಮಾಡಿ, ಹೊಸ ಫೈಲಲ್ಲಿ ಹೊಸ ಲೇಯರಾಗಿ ಎಲ್ಲಕ್ಕಿಂತ ಮೇಲೆ ಪೇಸ್ಟ್ ಮಾಡಿ, ಫೈಲು ಗ್ರೇಸ್ಕೇಲ್ ಇರೋದ್ರಿಂದ ಅದು ತಾನೇ ಕಪ್ಪು ಬಿಳುಪಾಗತ್ತೆ. ಈಗ ಲೆವೆಲ್ಸ್ ತೆರೆದು ಬಲಗಡೆಯ ಬಿಳಿ ತ್ರಿಕೋನವನ್ನ ಎಡಕ್ಕೆ ಎಳೀತಾ ಹೋಗಿ, ಕೂದಲು, ಕಣ್ಣು, ಹುಬ್ಬು, ಸೀರೆ ಮಡಿಕೆಯ ಆಳ, ಇಷ್ಟು ಮಾತ್ರ ಉಳ್ದು ಮಿಕ್ಕಿದ್ದೆಲ್ಲ ಬಿಳಿ ಆಗೋವರೆಗೂ. ನನ್ನ ಪ್ರಕಾರ ಹಳೇ ಪ್ರಿಂಟಿನ ಮೃದುತನ ಇರೋದು ಕಪ್ಪನ್ನ ಎಷ್ಟು ಜಿಪುಣತನದಿಂದ ಬಳಸ್ತೀರಿ ಅನ್ನೋದ್ರಲ್ಲಿ. ಮುಖದ ನೆರಳಿಗೆ ಕಪ್ಪು ಬೇಡವೇ ಬೇಡ, ಅದನ್ನ ಕೆಂಪು ಮತ್ತೆ ಸ್ವಲ್ಪ ನೀಲಿ ಮಾಡ್ಲಿ.

ಕಪ್ಪು ಬೇರೆ ಬಂದಿರೋದ್ರಿಂದ ಉಳಿದ ಮೂರು ಅಚ್ಚಲ್ಲಿ ಗಾಢತೆ ಸ್ವಲ್ಪ ಇಳಿಸ್ಬೇಕು, ಇಲ್ಲಾಂದ್ರೆ ಕೂದಲ ಜಾಗದಲ್ಲಿ ನಾಲ್ಕು ಇಂಕು ರಾಶಿ ಬೀಳತ್ತೆ. ಒಂದೊಂದಕ್ಕೂ ಕರ್ವ್ಸ್ ತೆರೆದು ಎಡ ಮೂಲೆಯ ಬಿಂದುವನ್ನ ಸುಮಾರು 40–50ರವರೆಗೆ ಮೇಲೆತ್ತಿ. ಬಲ ಮೂಲೆಯಲ್ಲಿ ತಿಳಿ ಭಾಗ ಪೂರ್ತಿ ಬಿಳಿ ಆಗೋ ಹಾಗೆ ಸ್ವಲ್ಪ ಒಳಕ್ಕೆ ಎಳೀರಿ, ಹಣೆ ಮೇಲೆ, ತಂಬಿಗೆಯ ಹೊಳಪಿನ ಮೇಲೆ ಖಾಲಿ ಕಾಗದ ಕಾಣ್ಲಿ.

ಕೊನೆಗೆ ಇಮೇಜ್, ಮೋಡ್, ಆರ್‌ಜಿಬಿ ಮಾಡಿ, ಫೈಲನ್ನ ಎಕ್ಸ್‌ಸಿಎಫ್ (ಲೇಯರ್ ಬೇರೆ ಬೇರೆಯಾಗೇ ಉಳಿಸೋ ಗಿಂಪ್‌ನ ಫೈಲ್) ಆಗಿ ಸೇವ್ ಮಾಡಿ.

ಚುಕ್ಕೆ ಬಿಡಿಸೋದು

ಇಂಕು ಅನ್ನೋದು ಇದೆ ಅಥವಾ ಇಲ್ಲ, ಅರ್ಧ ಇಂಕು ಅಂತ ಪ್ರೆಸ್ಸಲ್ಲಿ ಇಲ್ಲ. ಬೂದು ಕಾಣ್ಬೇಕಂದ್ರೆ ಚುಕ್ಕೆ ವಿರಳ ಆಗ್ಬೇಕು. ನಮ್ಮ ಬೂದು ಅಚ್ಚುಗಳನ್ನ ಆ ಥರ ಮಾಡೋದು ಹೀಗೆ.

ಒಂದು ಅಚ್ಚು ಮಾತ್ರ ಕಾಣೋ ಹಾಗೆ ಇಟ್ಟು ಬಾಕಿ ಲೇಯರ್‌ಗಳ ಪಕ್ಕದ ಕಣ್ಣಿನ ಗುರುತು ಒತ್ತಿ ಮುಚ್ಚಿ. ಅದ್ರ ಮೇಲೆ ಹೊಸ ಲೇಯರ್, ಅದಕ್ಕೆ ನಡು ಬೂದು ತುಂಬ್ಸಿ, ಅಂದ್ರೆ ಮೂರೂ ಬಣ್ಣ 128. ಫಿಲ್ಟರ್ಸ್, ನಾಯ್ಸ್ (ಅಡ್ಡಾದಿಡ್ಡಿ ಪುಡಿ ಚುಕ್ಕೆ), ಆರ್‌ಜಿಬಿ ನಾಯ್ಸ್. ಇಂಡಿಪೆಂಡೆಂಟ್ ಆರ್‌ಜಿಬಿ ಟಿಕ್ ತೆಗೀರಿ, ಲೀನಿಯರ್ ಆರ್‌ಜಿಬಿ ಟಿಕ್ಕೂ ತೆಗೀರಿ, ನಾಯ್ಸ್ ಪ್ರಮಾಣ 0.5ರ ಆಸುಪಾಸು. ಆಮೇಲೆ ಗೌಸಿಯನ್ ಬ್ಲರ್ 1.2 ಪಿಕ್ಸೆಲ್, ಇದರಿಂದ ಪುಡಿ ಪುಡಿ ನಾಯ್ಸು ಸಣ್ಣ ಸಣ್ಣ ಗುಂಪಾಗತ್ತೆ. ಬ್ಲರ್ ಆದಾಗ ನಾಯ್ಸ್ ಬಲ ಕಮ್ಮಿ ಆಗಿರತ್ತೆ, ಕಲರ್ಸ್, ಆಟೋ, ಸ್ಟ್ರೆಚ್ ಕಾಂಟ್ರಾಸ್ಟ್ ಕೊಟ್ರೆ ವಾಪಸ್ ಬರತ್ತೆ. ಈ ಲೇಯರಿನ ಮೋಡ್ ಗ್ರೇನ್ ಮರ್ಜ್ ಮಾಡಿ, ಮರ್ಜ್ ಡೌನ್ ಮಾಡಿ ಅಚ್ಚಿನ ಜೊತೆ ಸೇರಿಸಿ. ಕೊನೆಗೆ ಕಲರ್ಸ್, ಥ್ರೆಶೋಲ್ಡ್, ಸ್ಲೈಡರ್ ಸುಮಾರು ನಡುವೆ, ಇದು ಬೂದನ್ನೆಲ್ಲ ಪೂರ್ತಿ ಕಪ್ಪು ಇಲ್ಲಾ ಪೂರ್ತಿ ಬಿಳಿ ಮಾಡತ್ತೆ.

ನೋಡ್ತಾ ನೋಡ್ತಾ ಬೂದು ಫೋಟೋ ಚುಕ್ಕೆಗಳಾಗಿ ಒಡೀತದೆ, ಕಲ್ಲಿನ ಮೇಲೆ ಕ್ರೇಯಾನ್ ಉಜ್ಜಿದ ಹಾಗೇ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟದ ಕ್ಷಣ ಇದು. ಚುಕ್ಕೆ ದಪ್ಪ ಬೇಕಿದ್ರೆ ಬ್ಲರ್ 2ಕ್ಕೆ ಏರಿಸಿ, ಮುಖ ಜಾಸ್ತಿ ತರಿತರಿ ಆಯ್ತು ಅನ್ಸಿದ್ರೆ ನಾಯ್ಸ್ ಲೇಯರಿನ ಒಪಾಸಿಟಿ 70ಕ್ಕೆ ಇಳಿಸಿ ಆಮೇಲೆ ಮರ್ಜ್ ಮಾಡಿ. ಥ್ರೆಶೋಲ್ಡ್ ಆದ್ಮೇಲೆ 0.7 ಪಿಕ್ಸೆಲ್ ಗೌಸಿಯನ್ ಬ್ಲರ್ ಒಂದು ಕೊಡಿ, ಚುಕ್ಕೆಗಳ ಚೂಪು ಮೂಲೆ ಹೋಗಿ ಇಂಕು ಕಾಗದದಲ್ಲಿ ಸ್ವಲ್ಪ ಹರಡ್ಕೊಂಡ ಹಾಗಾಗತ್ತೆ.

ಇದನ್ನ ನಾಲ್ಕೂ ಅಚ್ಚಿಗೆ ಮಾಡ್ಬೇಕು, ಮತ್ತೆ ಪ್ರತಿ ಸಲವೂ ಹೊಸ ನಾಯ್ಸ್ ಲೇಯರ್ ಮಾಡ್ಬೇಕು, ಅದನ್ನೇ ಕಾಪಿ ಮಾಡಿ ನಾಲ್ಕಕ್ಕೂ ಹಾಕ್ಬೇಡಿ. ಅದೇ ನಾಯ್ಸ್ ಆದ್ರೆ ನಾಲ್ಕು ಬಣ್ಣದ ಚುಕ್ಕೆ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಿದ್ದು ಕೊಳಕು ಕಂದು ಆಗತ್ತೆ, ಬೇರೆ ಬೇರೆ ಇದ್ರೆ ಮಾತ್ರ ಅಕ್ಕಪಕ್ಕ ಬಿದ್ದು ಕಣ್ಣಲ್ಲಿ ಬೆರೀತದೆ. ಕಪ್ಪು ಅಚ್ಚಿಗೆ ನಾಯ್ಸ್ ಕಮ್ಮಿ ಇರ್ಲಿ, ಗೆರೆಗಳು ಗಟ್ಟಿಯಾಗಿ ನಿಲ್ಬೇಕು. ಹೊಸ ನಾಯ್ಸ್ ಸಿಗಲಿಲ್ಲ ಅದೇ ನಕ್ಷೆ ಮತ್ತೆ ಬಂತು ಅಂದ್ರೆ ಫಿಲ್ಟರಿನ ರ‍್ಯಾಂಡಮ್ ಸೀಡ್ ಬದಲಾಯಿಸಿ, ಅಥವಾ ಲೇಯರನ್ನ ತಲೆಕೆಳಗು ಮಾಡಿ.

ಇಂಕು ಹಾಕೋದು

ಎಲ್ಲಕ್ಕಿಂತ ಕೆಳಗೆ ಹೊಸ ಲೇಯರ್ ಸೇರಿಸಿ, ಅದು ಕಾಗದ, ಬಣ್ಣ 239, 227, 200 (ಕ್ರಮವಾಗಿ ಕೆಂಪು, ಹಸಿರು, ನೀಲಿ ಬೆಳಕಿನ ಅಳತೆ, ಮುಂದೆಯೂ ಹಾಗೇ). ಈಗ ಒಂದೊಂದು ಅಚ್ಚನ್ನೂ ಆರಿಸಿ ಕಲರ್ಸ್ ಮೆನುವಿನ ಕಲರ್ ಟು ಆಲ್ಫಾ, ಬಣ್ಣ ಬಿಳಿ. ಬಿಳಿ ಎಲ್ಲ ಮಾಯವಾಗಿ ಚುಕ್ಕೆ ಮಾತ್ರ ಉಳಿಯತ್ತೆ. ಲೇಯರ್ ಪ್ಯಾನೆಲ್ಲಲ್ಲಿ ಲಾಕ್ ಆಲ್ಫಾ ಒತ್ತಿ, ಇಂಕಿನ ಬಣ್ಣ ಫೋರ್‌ಗ್ರೌಂಡಿಗೆ ತಗೊಂಡು, ಎಡಿಟ್ ಮೆನುವಿನಲ್ಲಿ ಫಿಲ್ ವಿತ್ ಫೋರ್‌ಗ್ರೌಂಡ್ ಕಲರ್. ಚುಕ್ಕೆಗಳಿಗೆ ಮಾತ್ರ ಇಂಕು ಹತ್ತತ್ತೆ. ಮೋಡ್ ಮಲ್ಟಿಪ್ಲೈ, ಆಗ ಕೆಳಗಿನ ಬಣ್ಣದ ಮೇಲೆ ಪಾರದರ್ಶಕ ಇಂಕು ಬಿದ್ದ ಹಾಗಾಗತ್ತೆ.

ಕಂಪ್ಯೂಟರಿನ ಸಯಾನ್, ಮಜೆಂಟಾ ಬೇಡ, ಅವು ಇವತ್ತಿನ ಬಣ್ಣ. ನಾನು ಬಳಸೋದು ಹೀಗೆ: ಹಳದಿ 232, 185, 58. ಕೆಂಪು 200, 64, 47. ನೀಲಿ 47, 93, 124. ಕಪ್ಪು ಅಂದ್ರೂ ಅಚ್ಚ ಕಪ್ಪಲ್ಲ, 42, 33, 28, ಕಾಫಿ ಪುಡಿಯ ಕಪ್ಪು. ಲೇಯರ್ ಕ್ರಮ ಕೆಳಗಿಂದ ಹಳದಿ, ಕೆಂಪು, ನೀಲಿ, ಕಪ್ಪು. ಮಲ್ಟಿಪ್ಲೈನಲ್ಲಿ ಕ್ರಮ ಬದಲಾದ್ರೂ ಬಣ್ಣ ಬದಲಾಗಲ್ಲ ನಿಜ, ಆದ್ರೆ ಪ್ರೆಸ್ಸಲ್ಲಿ ಸಾಮಾನ್ಯವಾಗಿ ತಿಳಿ ಬಣ್ಣ ಮೊದಲು ಗಾಢ ಬಣ್ಣ ಆಮೇಲೆ, ಆ ಶಿಸ್ತು ಇದ್ರೆ ಯಾವ ಲೇಯರ್ ಎಲ್ಲಿ ಅಂತ ಹುಡುಕೋದು ತಪ್ಪತ್ತೆ. ಒಂದೊಂದೇ ಕಣ್ಣು ತೆರೀತಾ ಬನ್ನಿ, ಹಳದಿ ಮೇಲೆ ಕೆಂಪು ಬಿದ್ದಾಗ ಮುಖಕ್ಕೆ ರಕ್ತ ಬರತ್ತೆ, ನೀಲಿ ಬಿದ್ದಾಗ ಸೀರೆ ಹಸಿರಾಗತ್ತೆ, ಕಪ್ಪು ಬಂದಾಗ ಕಣ್ಣು ತೆರೀತದೆ.

ಮುಖ ಮಂಕಾಗಿದೆ ಅಂದ್ರೆ ತೊಂದ್ರೆ ನೀಲಿ ಅಚ್ಚಲ್ಲಿ. ಆ ಲೇಯರಿಗೆ ಮಾಸ್ಕ್ ಹಾಕಿ ಮುಖದ ಮೇಲೆ ಮೆತ್ತನೆ ಬ್ರಷ್ಷಲ್ಲಿ ಅರ್ಧದಷ್ಟು ಅಳಿಸಿ. ಕಪ್ಪು ಚರ್ಮದವರ ಫೋಟೋ ಆದ್ರೆ ನೀಲಿ ಅಳಿಸೋದು ಮಿತಿಯಲ್ಲಿರ್ಲಿ, ಬೆಳ್ಳಗೆ ಮಾಡೋದು ನಮ್ಮ ಉದ್ದೇಶ ಅಲ್ಲ, ಕೆಂಪು ಅಚ್ಚನ್ನ ಸ್ವಲ್ಪ ಗಾಢ ಮಾಡಿದ್ರೆ ಆ ಬೆಚ್ಚಗಿನ ಕಂದು ಬಣ್ಣ ತುಂಬಾ ಚೆನ್ನಾಗಿ ಬರತ್ತೆ. ಹಳೇ ಕ್ಯಾಲೆಂಡರುಗಳು ಎಲ್ಲರನ್ನೂ ಗುಲಾಬಿ ಬಣ್ಣಕ್ಕೆ ತಿರುಗಿಸ್ತಿದ್ವು, ಅದನ್ನ ನಾವು ಮುಂದುವರಿಸ್ಬೇಕಿಲ್ಲ.

ಕಣ್ಣಿಗೆ ಅಭ್ಯಾಸ ಆಗೋಕೆ ಒಳ್ಳೇ ಹಳೇ ಚಿತ್ರಗಳನ್ನ ನೋಡಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ತೈಲಚಿತ್ರಗಳೇ ಇವೆ, ಅದನ್ನ ನೋಡಿ ಆಮೇಲೆ ಮನೇಲಿರೋ ಪ್ರಿಂಟ್ ನೋಡಿದ್ರೆ ಅಚ್ಚಿಗೆ ಬಂದಾಗ ಏನು ಉಳೀತು ಏನು ಹೋಯ್ತು ಅಂತ ಕಣ್ಣಿಗೇ ಕಾಣತ್ತೆ. ಕಲಬುರಗಿಯ ಎಸ್. ಎಂ. ಪಂಡಿತರು ಕ್ಯಾಲೆಂಡರಿಗೆ ಬರೆದ ದೇವತೆಗಳ ಚಿತ್ರಗಳೂ ಸಿಕ್ರೆ ನೋಡಿ, ಬೆಳಕನ್ನ ಎಲ್ಲಿ ಬಿಡ್ಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ.

ಅಚ್ಚು ಜರುಗಿಸೋದು

ಮೂವ್ ಟೂಲ್ ತಗೊಂಡು ಕೆಂಪು ಲೇಯರನ್ನ ಬಲಕ್ಕೆ 5 ಪಿಕ್ಸೆಲ್, ಕೆಳಕ್ಕೆ 2 ಪಿಕ್ಸೆಲ್ ಸರಿಸಿ, ಬಾಣದ ಕೀ ಒತ್ತಿದ್ರೆ ಒಂದೊಂದೇ ಪಿಕ್ಸೆಲ್ ಹೋಗತ್ತೆ. ನೀಲೀನ ಎಡಕ್ಕೆ 3, ಮೇಲಕ್ಕೆ 4. 600 ಪಿಪಿಐಯಲ್ಲಿ ಒಂದು ಮಿಲಿಮೀಟರ್ ಅಂದ್ರೆ ಹತ್ತತ್ರ 24 ಪಿಕ್ಸೆಲ್, ಹಾಗಾಗಿ ಇದು ಕಾಲು ಮಿಲಿಮೀಟರಿನ ಒಳಗೇ ಇರತ್ತೆ. ಇಷ್ಟೇ ಸಾಕು. ಬಹಳ ಜನ ಇಲ್ಲಿ ಕೈ ಬಿಚ್ಚಿ 20–30 ಪಿಕ್ಸೆಲ್ ಸರಿಸಿ ತ್ರೀಡಿ ಕನ್ನಡಕದ ಸಿನಿಮಾ ಥರ ಮಾಡಿಬಿಡ್ತಾರೆ, ಪ್ರೆಸ್‌ನವರು ಅಂಥ ಪ್ರತಿಯನ್ನ ರದ್ದಿಗೆ ಹಾಕ್ತಿದ್ರು. ರೊಟೇಟ್ ಟೂಲಲ್ಲಿ ಹಳದೀನ 0.1 ಡಿಗ್ರಿ ತಿರುಗಿಸಿದ್ರೆ ಇನ್ನೂ ಚೆನ್ನ, ಯಾಕಂದ್ರೆ ನಿಜವಾಗಿ ಕಾಗದ ಸ್ವಲ್ಪ ಓರೆ ಕೂತಾಗ ಒಂದು ಮೂಲೆಯಲ್ಲಿ ಸರಿ ಇದ್ದು ಇನ್ನೊಂದು ಮೂಲೆಯಲ್ಲಿ ಜಾರಿರತ್ತೆ.

ಈಗ ಆಗಲೇ ಬಿಟ್ಟ ಬಿಳಿ ಅಂಚು ನೋಡಿ. ಚಿತ್ರ ಮುಗಿಯೋ ಗೆರೆಯಲ್ಲಿ ಒಂದು ಕಡೆ ಕೆಂಪಿನ ಎಳೆ, ಇನ್ನೊಂದು ಕಡೆ ನೀಲಿಯ ಎಳೆ ಇಣುಕ್ತಿರತ್ತೆ. ಹಳೇ ಪ್ರಿಂಟ್ ನೋಡೋರು ಮೊದ್ಲು ನೋಡೋದು ಆ ಅಂಚನ್ನೇ.

ಗಟ್ಟಿ ಇಂಕಿರೋ ಜಾಗ ಪೂರ್ತಿ ಸಮ ಇದ್ರೂ ಕೃತಕ ಅನ್ಸತ್ತೆ. ಕಪ್ಪು ಮತ್ತೆ ನೀಲಿ ಲೇಯರಿಗೆ ಬಿಳಿ ಮಾಸ್ಕ್ ಹಾಕಿ, ಮಾಸ್ಕ್ ಮೇಲೆ ಫಿಲ್ಟರ್ಸ್, ರೆಂಡರ್, ನಾಯ್ಸ್, ಸಾಲಿಡ್ ನಾಯ್ಸ್ ಹೊಡೆದು, ಆ ಮಾಸ್ಕನ್ನ ಲೆವೆಲ್ಸ್‌ನ ಔಟ್‌ಪುಟ್‌ನಲ್ಲಿ 190ರಿಂದ 255ರ ಒಳಗೆ ಇಡಿ. ಇಂಕು ಅಲ್ಲಲ್ಲಿ ತೆಳು ಅಲ್ಲಲ್ಲಿ ಗಟ್ಟಿ ಆಗತ್ತೆ. ನೀಲಿ ಲೇಯರಿಗೆ ಮುಖದ ಮಾಸ್ಕ್ ಆಗಲೇ ಇದ್ರೆ ಮೊದ್ಲು ಅದನ್ನ ಅಪ್ಲೈ ಮಾಡಿ ಆಮೇಲೆ ಹೊಸದು ಹಾಕಿ.

ವಯಸ್ಸು

ಕಾಗದ ಹಳದಿ ಆಗೋದು ಮರದ ತಿರುಳಿನ ಕಾಗದದಲ್ಲಿರೋ ಲಿಗ್ನಿನ್ ಮತ್ತೆ ಆಮ್ಲದಿಂದ, ಗಾಳಿ ಬೆಳಕು ಮೊದ್ಲು ಮುಟ್ಟೋದು ಅಂಚನ್ನ, ಹಾಗಾಗಿ ಅಂಚು ಜಾಸ್ತಿ ಕಂದು. ಕಾಗದದ ಲೇಯರಲ್ಲೇ ಮೆತ್ತನೆ ದೊಡ್ಡ ಬ್ರಷ್ಷಲ್ಲಿ ಅಂಚಿಗೆ ಸ್ವಲ್ಪ ಕಂದು ಹಚ್ಚಿ, ಎಲ್ಲ ಕಡೆ ಒಂದೇ ಥರ ಬೇಡ. ಇಂಟರ್‌ನೆಟ್ಟಿಂದ ಟೆಕ್ಸ್ಚರ್ ಇಳಿಸೋ ಬದಲು ಮನೇಲಿರೋ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಅದನ್ನೇ ಕಾಗದ ಮಾಡ್ಕೊಳ್ಳಿ, ಎಲ್ಲರ ಚಿತ್ರದಲ್ಲೂ ಇರೋ ಅದೇ ಸುಕ್ಕು ನಿಮ್ಮದ್ರಲ್ಲಿ ಇರಲ್ಲ.

ಬಿಸಿಲಿಗೆ ಇಟ್ಟ ಪ್ರಿಂಟುಗಳಲ್ಲಿ ಸಾಮಾನ್ಯವಾಗಿ ಕೆಂಪು, ಹಳದಿ ಮೊದ್ಲು ಮಾಸತ್ತೆ, ನೀಲಿ ಉಳೀತದೆ, ಅಂಗಡಿ ಕಿಟಕಿಯಲ್ಲಿ ವರ್ಷಗಟ್ಟಲೆ ಅಂಟಿಸಿರೋ ಪೋಸ್ಟರ್ ನೀಲಿ ನೀಲಿ ಕಾಣೋದು ಇದಕ್ಕೇ. ಹಾಗಾಗಿ ಮಾಸಿದ ಹಾಗೆ ಬೇಕಿದ್ರೆ ಇಡೀ ಚಿತ್ರಕ್ಕೆ ಕಂದು ಬಳಿಯೋದಲ್ಲ, ಕೆಂಪು ಲೇಯರಿನ ಒಪಾಸಿಟಿ 75ಕ್ಕೆ, ಹಳದಿ 80ಕ್ಕೆ ಇಳಿಸೋದು. ಲೇಯರ್ ಬೇರೆ ಬೇರೆ ಇಟ್ಟಿದ್ದಕ್ಕೆ ಇದು ಎರಡು ಸೆಕೆಂಡ್ ಕೆಲಸ. ಹರಿದ ಗುರುತು, ಟೀ ಕಲೆ, ಮಡಿಕೆ, ಇದೆಲ್ಲ ನಾನಂತೂ ಹಾಕಲ್ಲ, ಜನ ಈ ಚಿತ್ರಗಳನ್ನ ಗಾಜು ಹಾಕ್ಸಿ ಜೋಪಾನ ಮಾಡಿದ್ರು.

ಅಕ್ಷರ ಬೇಕಿದ್ರೆ

ಕೆಳಗಿನ ಅಂಚಲ್ಲಿ ಹೆಸರೋ ಊರೋ ಬರೀಬಹುದು. ತಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ ಫಾಂಟ್ ಉಚಿತವಾಗಿ ಸಿಗತ್ತೆ, ಎರಡೂ ಅಚ್ಚುಮೊಳೆಯ ಗಾಂಭೀರ್ಯಕ್ಕೆ ಹತ್ರ ಇವೆ. ಗಿಂಪ್‌ನಲ್ಲಿ ಒತ್ತಕ್ಷರ ಸರಿಯಾಗೇ ಕೂರತ್ತೆ. ಬರೆದ ಅಕ್ಷರವನ್ನ ಹಾಗೇ ಬಿಟ್ರೆ ಚಿತ್ರದ ಮೇಲೆ ಸ್ಟಿಕರ್ ಅಂಟಿಸಿದ ಹಾಗೆ ಕಾಣತ್ತೆ, ಅದಕ್ಕೆ ಬಿಳಿ ಲೇಯರ್ ಮೇಲೆ ಕಪ್ಪಲ್ಲಿ ಬರೆದು, ಎರಡನ್ನ ಮರ್ಜ್ ಮಾಡಿ, 2 ಪಿಕ್ಸೆಲ್ ಬ್ಲರ್ ಕೊಟ್ಟು ಥ್ರೆಶೋಲ್ಡ್ ಮಾಡಿ. ಮೂಲೆಗಳು ಉರುಟಾಗತ್ತೆ. ಆಮೇಲೆ ಅಚ್ಚುಗಳಿಗೆ ಮಾಡಿದ ಹಾಗೇ ಬಿಳಿ ತೆಗೆದು ಅದೇ ಕಾಫಿ ಕಪ್ಪು ತುಂಬ್ಸಿ ಮಲ್ಟಿಪ್ಲೈಗೆ ಹಾಕಿ. ನಿಮ್ಮ ಹೆಸರು ಮತ್ತೆ ಈಗಿನ ಇಸವಿಯನ್ನ ಮೂಲೆಯಲ್ಲಿ ಸಣ್ಣದಾಗಿ ಹಾಕಿ, ನಾಳೆ ಯಾರೋ ಇದನ್ನ ನಿಜವಾದ ಹಳೇ ಪ್ರಿಂಟ್ ಅಂತ ಮಾರೋಕೆ ಆಗ್ಬಾರ್ದು.

ಹಾಫ್‌ಟೋನ್ ಬೇಕಿದ್ರೆ

ಹಳೇ ವಾರಪತ್ರಿಕೆ, ಸಿನಿಮಾ ಹ್ಯಾಂಡ್‌ಬಿಲ್ ಥರ ಬೇಕಿದ್ರೆ ನಾಯ್ಸ್ ಮತ್ತೆ ಥ್ರೆಶೋಲ್ಡ್ ಬದಲು ಫಿಲ್ಟರ್ಸ್, ಡಿಸ್ಟಾರ್ಟ್ಸ್, ನ್ಯೂಸ್‌ಪ್ರಿಂಟ್. ಕಲರ್ ಮಾಡೆಲ್ ಬ್ಲ್ಯಾಕ್ ಆನ್ ವೈಟ್, ಪ್ಯಾಟರ್ನ್ ಸರ್ಕಲ್. ಪೀರಿಯಡ್ ಅಂದ್ರೆ ಚುಕ್ಕೆಯಿಂದ ಚುಕ್ಕೆಗೆ ಎಷ್ಟು ಪಿಕ್ಸೆಲ್ ಅಂತ. ನ್ಯೂಸ್‌ಪೇಪರಿನ ಒರಟು ಸ್ಕ್ರೀನ್ ಇಂಚಿಗೆ 65 ಗೆರೆ ಅಂದ್ಕೊಂಡ್ರೆ 600 ಭಾಗಿಸು 65, ಅಂದ್ರೆ 9 ಪಿಕ್ಸೆಲ್. ಕೋನ ಮಾತ್ರ ಅಚ್ಚಿಗೊಂದು: ನೀಲಿ 15 ಡಿಗ್ರಿ, ಕೆಂಪು 75, ಹಳದಿ 0, ಕಪ್ಪು 45. ಎಲ್ಲ ಒಂದೇ ಕೋನ ಇಟ್ರೆ, ಅಥವಾ ಕೋನಗಳು ತೀರಾ ಹತ್ರ ಬಂದ್ರೆ, ಅಚ್ಚು ಸ್ವಲ್ಪ ಜರುಗಿದ್ರೂ ಚಿತ್ರದ ಮೇಲೆ ಅಲೆ ಅಲೆಯಾಗಿ ಮೊಯಿರೆ ಪಟ್ಟಿ ಬರತ್ತೆ. ಕಣ್ಣಿಗೆ ಹೆಚ್ಚು ಕಾಣೋ ಮೂರು ಬಣ್ಣಗಳನ್ನ 30 ಡಿಗ್ರಿ ಅಂತರದಲ್ಲಿ ಇಟ್ಟು, ಕಡಿಮೆ ಕಾಣೋ ಹಳದೀನ ನಡುವೆ ತೂರಿಸಿರೋದು ಇದಕ್ಕೇ. ಮಿಕ್ಕಿದ್ದೆಲ್ಲ ಮೇಲೆ ಹೇಳಿದ ಹಾಗೇ.

ಬೆಂಕಿಪೊಟ್ಟಣದ ಲೇಬಲ್ ಥರ ಬೇಕಿದ್ರೆ ಇನ್ನೂ ಸುಲಭ. ಚುಕ್ಕೆಯೇ ಬೇಡ, ಹಳದಿ, ಕೆಂಪು, ಕಪ್ಪು ಮೂರೇ ಅಚ್ಚು ಇಟ್ಟು ನೇರ ಥ್ರೆಶೋಲ್ಡ್ ಮಾಡಿ, ಹಿನ್ನೆಲೆ ಒಂದೇ ಗಟ್ಟಿ ಬಣ್ಣ.

ಫೋಟೋಶಾಪ್‌ನವರಿಗೆ

ಚಿತ್ರ ಫ್ಲಾಟನ್ ಮಾಡಿ ಚಾನೆಲ್ಸ್ ಪ್ಯಾನೆಲ್ಲಿನ ಮೆನುವಿನಲ್ಲಿ ಸ್ಪ್ಲಿಟ್ ಚಾನೆಲ್ಸ್ ಕೊಟ್ರೆ ಮೂರು ಗ್ರೇಸ್ಕೇಲ್ ಫೈಲ್ ಸಿಗತ್ತೆ. ಒಂದೊಂದನ್ನೂ ಇಮೇಜ್, ಮೋಡ್, ಬಿಟ್‌ಮ್ಯಾಪ್ ಮಾಡಿ, ಕಲ್ಲಚ್ಚಿಗೆ ಡಿಫ್ಯೂಷನ್ ಡಿದರ್, ಪತ್ರಿಕೆ ಥರಕ್ಕೆ ಹಾಫ್‌ಟೋನ್ ಸ್ಕ್ರೀನ್, ಇದರಲ್ಲಿ ಗೆರೆ ಸಂಖ್ಯೆ ಮತ್ತೆ ಕೋನ ನೇರವಾಗಿ ಟೈಪ್ ಮಾಡಬಹುದು. ಆಮೇಲೆ ವಾಪಸ್ ಗ್ರೇಸ್ಕೇಲ್ ಮಾಡಿ ಎಲ್ಲವನ್ನೂ ಒಂದೇ ಆರ್‌ಜಿಬಿ ಫೈಲಿಗೆ ತನ್ನಿ, ಅಚ್ಚಿಗೊಂದು ಗ್ರೂಪ್ ಮಾಡಿ, ಒಳಗೆ ಸಾಲಿಡ್ ಕಲರ್ ಲೇಯರನ್ನ ಸ್ಕ್ರೀನ್ ಮೋಡಲ್ಲಿಟ್ರೆ ಕಪ್ಪು ಚುಕ್ಕೆಗೆ ಆ ಬಣ್ಣ ಬರತ್ತೆ, ಗ್ರೂಪಿಗೆ ಮಲ್ಟಿಪ್ಲೈ. ಕನ್ನಡ ಬರೆಯುವಾಗ ಒತ್ತಕ್ಷರ ಒಡೆದು ಕಂಡ್ರೆ, ಹಳೇ ಆವೃತ್ತಿ ಆದ್ರೆ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ಭಾರತೀಯ ಲಿಪಿಗಳ ಲೇಔಟ್ ಆಯ್ಕೆ ಆನ್ ಮಾಡಿ.

ಪ್ರಿಂಟ್ ಮತ್ತೆ ಶೇರ್

ಪ್ರಿಂಟಿಗೆ ಟಿಫ್ ಅಥವಾ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿ, ಜೆಪೆಗ್ ಚುಕ್ಕೆಗಳ ಸುತ್ತ ಕೊಳೆ ಬಿಡತ್ತೆ. ಅಂಗಡಿಯವರಿಗೆ ಎರಡು ಮಾತು ಹೇಳಿ, ಗ್ಲಾಸಿ ಬೇಡ ಮ್ಯಾಟ್ ಅಥವಾ ಕೋಟಿಂಗ್ ಇಲ್ಲದ ದಪ್ಪ ಕಾಗದ ಬೇಕು, ಮತ್ತೆ ಫಿಟ್ ಟು ಪೇಜ್ ಹಾಕ್ಬೇಡಿ 100 ಪರ್ಸೆಂಟಲ್ಲೇ ತೆಗೀರಿ ಅಂತ. ಕೆನೆ ಬಣ್ಣದ ಕಾಗದವೇ ಸಿಕ್ರೆ ಇನ್ನೂ ಚೆನ್ನ, ಆಗ ಫೈಲಲ್ಲಿ ಕಾಗದದ ಲೇಯರ್‌ನ ಬಿಳಿ ಮಾಡಿ ಕಳ್ಸಿ, ಇಲ್ಲಾಂದ್ರೆ ಹಳದಿ ಮೇಲೆ ಹಳದಿ ಬೀಳತ್ತೆ.

ಫೋನಲ್ಲಿ ಕಳಿಸೋದಕ್ಕೆ ಬೇರೆ ಪ್ರತಿ ಮಾಡ್ಲೇಬೇಕು. 5000 ಪಿಕ್ಸೆಲ್ ಚಿತ್ರವನ್ನ 1080ಕ್ಕೆ ಇಳಿಸಿದ್ರೆ ಚುಕ್ಕೆಗಳೆಲ್ಲ ಕರಗಿ ಮಾಮೂಲಿ ಫೋಟೋ ಆಗತ್ತೆ, ಹಾಫ್‌ಟೋನ್ ಆದ್ರೆ ಮೊಯಿರೆ ಬೇರೆ. ಅದಕ್ಕೆ ಚುಕ್ಕೆ ಮಾಡೋಕೆ ಮುಂಚೆ ಸೇವ್ ಮಾಡಿದ ಎಕ್ಸ್‌ಸಿಎಫ್ ಇದ್ಯಲ್ಲ, ಅದನ್ನ ತೆರೆದು 1620 ಅಗಲಕ್ಕೆ ಇಳಿಸಿ, ಅಲ್ಲಿ ಚುಕ್ಕೆ ಇಂಕು ಎಲ್ಲ ಮಾಡಿ, ಜರುಗಿಸೋದು 2 ಪಿಕ್ಸೆಲ್ ಮಾತ್ರ, ಕೊನೆಗೆ 1080ಕ್ಕೆ ತನ್ನಿ. ಅದೇ ಅಚ್ಚುಗಳಿಗೆ ಬೇರೆ ಇಂಕೂ ಹಾಕಿ ನೋಡಬಹುದು, ಕಪ್ಪಿನ ಬದಲು ಗಾಢ ಹಸಿರು, ಕೆಂಪಿನ ಬದಲು ಕಿತ್ತಳೆ. ಕಪ್ಪು ಅಚ್ಚನ್ನ ಗಾಢ ನೀಲಿ, 32, 44, 70, ಮಾಡಿದ್ರೆ ಮುಸ್ಸಂಜೆಯ ಫೋಟೋಗಳು ತುಂಬಾ ಚೆನ್ನಾಗಿ ಬರತ್ತೆ.